ಸೀಸದ ಪರ್ಯಾಯಗಳು: ಗುಂಡು ಎರೆಯುವವನ ಲೋಹ ಮತ್ತು ಒಂದು ಜೈನ ಪ್ರಶ್ನೆ

ಒಂದು ವಸ್ತು ತನ್ನ ರೂಪವನ್ನು ಕಳೆದುಕೊಂಡಾಗ ಆ ರೂಪಕ್ಕೆ ಅಂಟಿಕೊಂಡಿದ್ದ ಪಾವಿತ್ರ್ಯವೋ ಪಾಪವೋ ಅದರೊಂದಿಗೇ ಅಳಿದುಹೋಗುತ್ತದೆಯೇ, ಇಲ್ಲವೇ ಉಳಿದ ದ್ರವ್ಯದಲ್ಲಿ ಯಾವುದಾದರೊಂದು ಬಗೆಯಲ್ಲಿ ಮುಂದುವರಿಯುತ್ತದೆಯೇ ಎಂಬ ಪ್ರಶ್ನೆ ದ್ರವ್ಯ ಮತ್ತು ರೂಪಗಳ ಸಂಬಂಧವನ್ನು ವಿಚಾರಿಸಿದ ಎಲ್ಲ ದರ್ಶನಗಳಿಗೂ ಎದುರಾಗುವಂಥದು. ಭಾರತೀಯ ಚಿಂತಕರು ಈ ಸಂಬಂಧವನ್ನು ಹೆಚ್ಚಾಗಿ ಮಣ್ಣು ಮತ್ತು ಚಿನ್ನದ ದೃಷ್ಟಾಂತಗಳಿಂದ ವಿವರಿಸಿದ್ದಾರೆ. ಛಾಂದೋಗ್ಯ ಉಪನಿಷತ್ತಿನ ಆರನೆಯ ಅಧ್ಯಾಯದಲ್ಲಿ ಉದ್ದಾಲಕನು ಮಗ ಶ್ವೇತಕೇತುವಿಗೆ ಬೋಧಿಸುವಾಗ ಮಣ್ಣಿನ ಮುದ್ದೆ ಮತ್ತು ಚಿನ್ನದ ಗಟ್ಟಿಯ ಜೊತೆಗೆ ಉಗುರು ಕತ್ತರಿಸುವ ಸಲಕರಣೆಯ ಕಬ್ಬಿಣವನ್ನೂ ಸೇರಿಸಿಕೊಳ್ಳುತ್ತಾನೆ. ಈ ದೃಷ್ಟಾಂತಗಳಿಗೆ ಒಂದು ಅನುಕೂಲವಿದೆ: ಮಣ್ಣು ಮಡಕೆಯಾದರೂ ಚಿನ್ನ ಒಡವೆಯಾದರೂ ಅದರಿಂದ ಯಾರ ಪ್ರಾಣಕ್ಕೂ ಕುತ್ತಿಲ್ಲ. ದೃಷ್ಟಾಂತಕ್ಕೆ ಸೀಸವನ್ನು ಆರಿಸಿಕೊಂಡರೆ ಈ ಅನುಕೂಲ ತಪ್ಪಿಹೋಗುತ್ತದೆ, ಏಕೆಂದರೆ ದೇವಾಲಯದ ಚಾವಣಿಯಿಂದ ಕೋವಿಯ ಗುಂಡಿನವರೆಗೆ ಈ ಲೋಹ ಸಾಗಿದ ದಾರಿ ತೀರ ಚಿಕ್ಕದು.

ಮೂತಿಯಿಂದ ಮದ್ದು ಮತ್ತು ಗುಂಡನ್ನು ತುಂಬುವ ಕೋವಿ, ಎಂದರೆ ಮಲೆನಾಡಿನ ಕೇಪಿನ ಕೋವಿಯ ಬಳಗಕ್ಕೆ ಸೇರಿದ ಹಳೆಯ ಆಯುಧ, ಅಮೆರಿಕದಲ್ಲಿ ಇಂದಿಗೂ ಹವ್ಯಾಸಿಗಳ ಮತ್ತು ಬೇಟೆಗಾರರ ಕೈಯಲ್ಲಿ ಉಳಿದಿದ್ದು, ಅವರಲ್ಲಿ ಅನೇಕರು ಅದರ ಗುಂಡನ್ನು ತಾವೇ ಎರಕ ಹೊಯ್ದುಕೊಳ್ಳುತ್ತಾರೆ. ದುಂಡುಗುಂಡನ್ನು ಬಟ್ಟೆಯ ತುಂಡಿನಲ್ಲಿಟ್ಟು ಗಜದಿಂದ ನಳಿಗೆಯೊಳಕ್ಕೆ ಜಡಿಯಬೇಕಾದ್ದರಿಂದಲೂ, 19ನೆಯ ಶತಮಾನದ ನಡುವೆ ಫ್ರಾನ್ಸಿನ ಸೇನಾಧಿಕಾರಿ ಮಿನಿಯೆ ರೂಪಿಸಿದ ಟೊಳ್ಳುತಳದ ಗುಂಡಾದರೆ ಮದ್ದು ಸಿಡಿದಾಗ ಅದರ ತಳ ಅರಳಿ ನಳಿಗೆಯ ಒಳಗಿನ ಸುರುಳಿಗೆರೆಗಳನ್ನು ಕಚ್ಚಬೇಕಾದ್ದರಿಂದಲೂ, ಈ ಕೋವಿಗೆ ಬೇಕಾದದ್ದು ಬೆರಕೆಯಿಲ್ಲದ ಮೆತ್ತನೆಯ ಸೀಸ. ಅಂಥ ಸೀಸ ಕೆಡವಿದ ಕಟ್ಟಡಗಳ ಚಾವಣಿಯ ತಗಡಿನಲ್ಲಿ, ಹಳೆಯ ನೀರಿನ ಕೊಳವೆಗಳಲ್ಲಿ, ದೂರವಾಣಿ ಕೇಬಲ್ಲಿನ ಹೊದಿಕೆಯಲ್ಲಿ, ಎಕ್ಸ್-ರೇ ಕೋಣೆಯ ಗೋಡೆಗೆ ಹೊದಿಸಿದ್ದ ಹಾಳೆಯಲ್ಲಿ ಸಿಗುತ್ತದೆ. ಕಾರಿನ ಚಕ್ರಕ್ಕೆ ಸಮತೂಕಕ್ಕಾಗಿ ಹಾಕುವ ತುಂಡುಗಳಲ್ಲಿಯೂ ಮುದ್ರಣಾಲಯದ ಅಚ್ಚುಮೊಳೆಗಳಲ್ಲಿಯೂ ಆಂಟಿಮನಿ ಎಂಬ ಗಡಸು ಲೋಹ ಬೆರೆತಿರುವುದರಿಂದ ಅವು ಈ ಕೆಲಸಕ್ಕೆ ಒಗ್ಗುವುದಿಲ್ಲ, ಬ್ಯಾಟರಿಯ ಫಲಕಗಳನ್ನಂತೂ ವಿಷಾನಿಲದ ಭಯದಿಂದ ತಿಳಿದವರು ಮುಟ್ಟುವುದೇ ಇಲ್ಲ. ಗುಜರಿ ಅಂಗಡಿಯಲ್ಲಿ ಸೀಸ ಹುಡುಕುವವನು ತುಂಡನ್ನು ಉಗುರಿನಿಂದ ಗೀರಿ ಗೆರೆ ಬೀಳುತ್ತದೆಯೇ ಎಂದು ನೋಡುತ್ತಾನೆಯೇ ಹೊರತು, ಅದು ಯಾವ ಮನೆಯ ಕೊಳವೆಯಾಗಿತ್ತು, ಯಾವ ಇಗರ್ಜಿಯ ಮಾಡಾಗಿತ್ತು ಎಂದು ಕೇಳುವುದಿಲ್ಲ. ಸೀಸ ಸುಮಾರು 327 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಕರಗುವುದರಿಂದ ಅದರ ಹಳೆಯ ರೂಪವನ್ನು ಅಳಿಸಲು ಕುಲುಮೆಯೂ ಬೇಕಿಲ್ಲ, ಮನೆಯ ಒಲೆಯೇ ಸಾಕು.

ಧರ್ಮಸಂಸ್ಥೆಗಳು ಈ ಅಳಿಸುವಿಕೆಯ ಬಗ್ಗೆ ಸ್ಪಷ್ಟವಾದ ನಿಯಮಗಳನ್ನೇ ಮಾಡಿಕೊಂಡಿವೆ. ಆಗಮ ಮತ್ತು ಶಿಲ್ಪಗ್ರಂಥಗಳ ಜೀರ್ಣೋದ್ಧಾರವಿಧಿಯ ಪ್ರಕಾರ, ಭಗ್ನವಾದ ಬಿಂಬದಲ್ಲಿನ ದೇವತಾಶಕ್ತಿಯನ್ನು ಮೊದಲು ಮಂತ್ರಪೂರ್ವಕವಾಗಿ ಕಲಶದ ನೀರಿಗೆ ಸೆಳೆದುಕೊಂಡು, ಆಮೇಲೆ ಕಲ್ಲಿನ ಬಿಂಬವನ್ನು ಆಳವಾದ ನೀರಿಗೆ ಬಿಡಬೇಕು, ಮರದ್ದನ್ನು ಸುಡಬೇಕು, ಲೋಹದ್ದನ್ನು ಕರಗಿಸಬೇಕು. ಎಂದರೆ ಬೆಂಕಿಗೆ ಬೀಳುವ ಹೊತ್ತಿಗೆ ಲೋಹ ಬರಿಯ ಲೋಹವಾಗಿರುತ್ತದೆ. ಕ್ಯಾಥೊಲಿಕ್ ಸಭೆಯ 1917ರ ಕಾನೂನು ಸಂಹಿತೆ ಇದೇ ಗುರಿಯನ್ನು ಬೇರೆ ದಾರಿಯಿಂದ ಮುಟ್ಟಿತು: ಪೂಜೆಯ ಸಲಕರಣೆ ತನ್ನ ಮೊದಲಿನ ರೂಪ ಕೆಟ್ಟು ಬಳಕೆಗೆ ಬಾರದಂತಾದರೆ, ಅಥವಾ ಅಯೋಗ್ಯವಾದ ಕೆಲಸಕ್ಕೆ ಬಳಕೆಯಾದರೆ, ಅಥವಾ ಬಹಿರಂಗ ಮಾರಾಟಕ್ಕೆ ಇಡಲ್ಪಟ್ಟರೆ ಅದರ ಪವಿತ್ರತೆ ಹೋಗುತ್ತದೆ ಎಂದು ಅದು ವಿಧಿಸಿತ್ತು. ಈ ಲೆಕ್ಕದಲ್ಲಿ ಗುಜರಿ ಅಂಗಡಿಯ ಹೊಸ್ತಿಲೇ ಒಂದು ವಿಸರ್ಜನೆಯ ವಿಧಿಯಾಗುತ್ತದೆ, ಮಂತ್ರ ಹೇಳುವವರು ಮಾತ್ರ ಇರುವುದಿಲ್ಲ. ಆದರೆ 1536ರಿಂದ 1540ರವರೆಗೆ ಇಂಗ್ಲೆಂಡಿನ ಎಂಟನೆಯ ಹೆನ್ರಿ ಸನ್ಯಾಸಿಮಠಗಳನ್ನು ಮುಚ್ಚಿಸಿ ಅವುಗಳ ಚಾವಣಿಯ ಸೀಸವನ್ನು ಕರಗಿಸಿ ರಾಜಮುದ್ರೆಯೊತ್ತಿದ ಗಟ್ಟಿಗಳಾಗಿಸಿದಾಗ ಇಂಥ ಯಾವ ವಿಧಿಯನ್ನೂ ಯಾರೂ ಕಾಯಲಿಲ್ಲ. ಯಾರ್ಕ್‌ಶೈರಿನ ರೀವೋ ಮಠದ ಕುಸಿದ ಕಲ್ಲುಗಳಡಿ ಹೂತುಹೋಗಿದ್ದ ಅಂಥ ಕೆಲವು ಗಟ್ಟಿಗಳು 1920ರ ದಶಕದಲ್ಲಿ ಸಿಕ್ಕಾಗ ಅವನ್ನು ಯಾರ್ಕ್ ಮಿನ್‌ಸ್ಟರ್ ಎಂಬ ಮಹಾದೇವಾಲಯದಲ್ಲಿ ‘ಐವರು ಸೋದರಿಯರು’ ಎಂದು ಹೆಸರಾದ ಕಿಟಕಿಯ ಗಾಜುಗಳನ್ನು ಹಿಡಿದಿಡುವ ಪಟ್ಟಿಗಳಿಗಾಗಿ ಬಳಸಲಾಯಿತು. ದ್ರವ್ಯಕ್ಕೆ ಹಿಂದಿನದೇನೂ ಅಂಟುವುದಿಲ್ಲ ಎನ್ನುವುದಾದರೆ ಹೊಸ ಸೀಸಕ್ಕೂ ಮಠದ ಈ ಸೀಸಕ್ಕೂ ಭೇದವೇ ಇಲ್ಲ. ಆದರೂ ಅದು ದೇವಾಲಯಕ್ಕೆ ಮರಳಿತೆಂದು ಕೇಳಿದವರಿಗೆ ಆಗುವ ಸಮಾಧಾನ ಸುಳ್ಳೆನ್ನುವಂತಿಲ್ಲ.

ಪ್ರಶ್ನೆ ತನ್ನ ಪೂರ್ಣ ಬಿಗುವಿನಲ್ಲಿ ಕಾಣುವುದು 1776ರ ನ್ಯೂಯಾರ್ಕಿನಲ್ಲಿ. ಆ ವರ್ಷದ ಜುಲೈ 9ರಂದು ಅಮೆರಿಕದ ಸ್ವಾತಂತ್ರ್ಯ ಘೋಷಣೆಯನ್ನು ಸೇನೆಯ ಮುಂದೆ ಓದಿಸಿದ ಮೇಲೆ ಸೈನಿಕರೂ ನಾಗರಿಕರೂ ಬೌಲಿಂಗ್ ಗ್ರೀನ್ ಎಂಬಲ್ಲಿದ್ದ ಮೂರನೆಯ ಜಾರ್ಜ್ ದೊರೆಯ ಅಶ್ವಾರೂಢ ಪ್ರತಿಮೆಯನ್ನು ಕೆಡವಿದರು. ಜೋಸೆಫ್ ವಿಲ್ಟನ್ ನಿರ್ಮಿಸಿ 1770ರಲ್ಲಿ ನಿಲ್ಲಿಸಲಾಗಿದ್ದ ಆ ಪ್ರತಿಮೆ ಚಿನ್ನದ ಲೇಪವಿದ್ದ ಸೀಸದ್ದು; ಅದಕ್ಕೆ ಮಾದರಿಯಾದದ್ದು ರೋಮಿನ ತತ್ತ್ವಜ್ಞ ಚಕ್ರವರ್ತಿ ಮಾರ್ಕಸ್ ಅರೇಲಿಯಸನ ಕಂಚಿನ ಪ್ರತಿಮೆ. (ಆ ಕಂಚು ಮಾತ್ರ ಮಧ್ಯಯುಗದಲ್ಲಿ ಮೂಸೆಗೆ ಬೀಳದೆ ಉಳಿದದ್ದು, ಕ್ರೈಸ್ತ ಚಕ್ರವರ್ತಿ ಕಾನ್‌ಸ್ಟಂಟೈನನದೆಂದು ಜನ ತಪ್ಪು ತಿಳಿದದ್ದರಿಂದ.) ಸೈನಿಕರ ಉತ್ಸಾಹವನ್ನು ಅರ್ಥಮಾಡಿಕೊಂಡರೂ ಕೃತ್ಯಕ್ಕೆ ದೊಂಬಿಯ ಛಾಯೆಯಿದೆಯೆಂದು ಸೇನಾಪತಿ ವಾಷಿಂಗ್ಟನ್ ಮರುದಿನ ಆಕ್ಷೇಪಿಸಿದರು. ತುಂಡುಗಳಲ್ಲಿ ಹೆಚ್ಚಿನವು ಕನೆಕ್ಟಿಕಟ್ಟಿನ ಲಿಚ್‌ಫೀಲ್ಡಿನಲ್ಲಿದ್ದ, ಸ್ವಾತಂತ್ರ್ಯಪಕ್ಷದ ನಾಯಕ ಆಲಿವರ್ ವುಲ್ಕಾಟ್ ಅವರ ಮನೆಗೆ ಸಾಗಿ, ಅಲ್ಲಿ ಮನೆಯ ಮತ್ತು ನೆರೆಯ ಹೆಂಗಸರೂ ಮಕ್ಕಳೂ ಅವನ್ನು ಕರಗಿಸಿ ಅಚ್ಚಿಗೆ ಹೊಯ್ದು 42,088 ಗುಂಡುಗಳನ್ನು ಮಾಡಿದರು. ಯಾರು ಎಷ್ಟು ಮಾಡಿದರೆಂಬ ಲೆಕ್ಕವನ್ನೂ ವುಲ್ಕಾಟ್ ಬರೆದಿಟ್ಟರು. ದೊರೆಯ ಪರವಾಗಿದ್ದವರು ಕೆಲವು ತುಂಡುಗಳನ್ನು ಬಚ್ಚಿಟ್ಟರು, ಕುದುರೆಯ ಬಾಲ ಇಂದಿಗೂ ನ್ಯೂಯಾರ್ಕಿನ ವಸ್ತುಸಂಗ್ರಹಾಲಯದಲ್ಲಿದೆ.

ಈ ಘಟನೆಯನ್ನು ವಿಶ್ಲೇಷಿಸಲು ಬೇಕಾದ ಸಾಧನ ಕನ್ನಡ ಓದುಗರಿಗೆ ಹತ್ತಿರದ್ದೇ ಆಗಿದೆ. ಕನ್ನಡದ ಜೈನ ಕವಿಗಳು ಕವಿಪರಮೇಷ್ಠಿ ಮತ್ತು ಪೂಜ್ಯಪಾದರೊಂದಿಗೆ ಸ್ಮರಿಸುತ್ತ ಬಂದ ಆಚಾರ್ಯ ಸಮಂತಭದ್ರರು ಆಪ್ತಮೀಮಾಂಸೆಯಲ್ಲಿ ಕೊಡುವ ದೃಷ್ಟಾಂತದ ಪ್ರಕಾರ, ಚಿನ್ನದ ಕೊಡವನ್ನು ಕರಗಿಸಿ ಕಿರೀಟ ಮಾಡಿದಾಗ ಕೊಡ ಬೇಕಾಗಿದ್ದವನಿಗೆ ದುಃಖವೂ ಕಿರೀಟ ಬೇಕಾಗಿದ್ದವನಿಗೆ ಸಂತೋಷವೂ ಉಂಟಾಗುತ್ತವೆ, ಚಿನ್ನವಷ್ಟೇ ಬೇಕಾಗಿದ್ದವನು ಎರಡೂ ಇಲ್ಲದೆ ಮಧ್ಯಸ್ಥನಾಗಿರುತ್ತಾನೆ. ಈ ಮೂರು ಭಾವಗಳೂ ನಿರಾಧಾರವಲ್ಲವಾದ್ದರಿಂದ ವಸ್ತುವಿನಲ್ಲಿ ಹುಟ್ಟು, ಅಳಿವು, ಸ್ಥಿರತೆ ಎಂಬ ಮೂರೂ ಒಟ್ಟಿಗೇ ಇವೆ ಎಂಬುದು ಅವರ ವಾದ. ಜೈನರ ಪರಿಭಾಷೆಯಲ್ಲಿ ಸ್ಥಿರವಾಗಿ ಉಳಿಯುವುದು ದ್ರವ್ಯ, ಅದನ್ನು ಬಿಡದೆ ಇರುವ ಸ್ವಭಾವಗಳು ಗುಣ, ಬಂದುಹೋಗುವ ಅವಸ್ಥೆಗಳು ಪರ್ಯಾಯ. ನ್ಯೂಯಾರ್ಕಿನಲ್ಲಿ ತುಂಡು ಬಚ್ಚಿಟ್ಟ ರಾಜಭಕ್ತ ಮೊದಲನೆಯವನು, ಗುಂಡು ಪಡೆದ ಸೈನಿಕ ಎರಡನೆಯವನು. ಗುಜರಿಯಲ್ಲಿ ಉಗುರಿನಿಂದ ಗೀರಿ ನೋಡುವವನು ಮೂರನೆಯವನು.

ಮೂರನೆಯವನ ಬಗ್ಗೆ ಎಚ್ಚರ ಬೇಕು. ಮಣ್ಣುಹೆಂಟೆ, ಕಲ್ಲು, ಚಿನ್ನಗಳನ್ನು ಸಮನಾಗಿ ಕಾಣುವ ಯೋಗಿಯನ್ನು ಭಗವದ್ಗೀತೆ ವರ್ಣಿಸುತ್ತದೆ. ಮೇಲುನೋಟಕ್ಕೆ ಗುಜರಿಯವನ ನಿರ್ಲಿಪ್ತತೆಯೂ ಅದೇ ಎನ್ನಿಸಬಹುದು, ಏಕೆಂದರೆ ದೊರೆಯ ಮುಖ, ದೇವಾಲಯದ ಮಾಡು, ಕೊಳೆತ ಕೊಳವೆ ಮೂರೂ ಅವನಿಗೆ ಒಂದೇ. ಆದರೆ ಯೋಗಿಗೆ ಯಾವುದೂ ಬೇಕಾಗಿಲ್ಲವಾದ್ದರಿಂದ ಎಲ್ಲವೂ ಸಮ, ಇವನಿಗೆ ದ್ರವ್ಯವೊಂದು ಬಲವಾಗಿ ಬೇಕಾಗಿರುವುದರಿಂದ ರೂಪಗಳೆಲ್ಲ ಸಮ. ಸಮಂತಭದ್ರರು ಅವನನ್ನು ಹೊಗಳಿಲ್ಲ ಎಂಬುದನ್ನು ಗಮನಿಸಬೇಕು: ಅವರ ಶ್ಲೋಕದಲ್ಲಿ ಅವನೂ ಒಬ್ಬ ಅರ್ಥಿ, ಬಯಸುವವನು.

ಇದರಿಂದ ನೈತಿಕ ಪ್ರಶ್ನೆ ಲೋಹದಿಂದ ಕೈಗೆ ದಾಟುತ್ತದೆ. ಪರಂಪರೆ ಸಮಂತಭದ್ರರದೇ ಎಂದು ನಂಬಿರುವ ರತ್ನಕರಂಡಕ ಶ್ರಾವಕಾಚಾರ, ಗೃಹಸ್ಥನು ಬಿಡಬೇಕಾದ ನಿಷ್ಪ್ರಯೋಜಕ ಪಾಪಕಾರ್ಯಗಳಲ್ಲಿ ಹಿಂಸಾದಾನವನ್ನು, ಎಂದರೆ ಕೊಲೆಗೆ ಕಾರಣವಾಗುವ ವಸ್ತುಗಳನ್ನು ಕೊಡುವುದನ್ನು ಸೇರಿಸಿ, ಕೊಡಲಿ, ಖಡ್ಗ, ಗುದ್ದಲಿ, ಬೆಂಕಿ, ಆಯುಧ, ವಿಷ, ಸಂಕೋಲೆ ಮೊದಲಾದವನ್ನು ಹೆಸರಿಸುತ್ತದೆ. ಪಟ್ಟಿಯಲ್ಲಿ ಗುದ್ದಲಿ ಮತ್ತು ಬೆಂಕಿ ಇರುವುದು ಅರ್ಥಪೂರ್ಣ: ಗುದ್ದಲಿ ಮಾಡಿದ್ದು ನೆಲ ಅಗೆಯಲು, ಬೆಂಕಿಗೆ ನಿಯತವಾದ ಆಕಾರವೇ ಇಲ್ಲ, ಆದರೂ ಎರಡೂ ಆಯುಧಗಳ ಸಾಲಿಗೆ ಬಂದಿವೆ. ಆದ್ದರಿಂದ ಗುಂಡಿನ ರೂಪ ತಾಳಿದ ಮೇಲೆ ಮಾತ್ರ ಸೀಸ ಹಿಂಸೋಪಕರಣವಾಗುತ್ತದೆ, ಅಲ್ಲಿಯವರೆಗೆ ಮಾರಿದವನಿಗೆ ದೋಷವಿಲ್ಲ ಎಂಬ ವಾದ ಈ ಗ್ರಂಥದ ಮುಂದೆ ಸುಲಭವಾಗಿ ನಿಲ್ಲುವುದಿಲ್ಲ. ಹಾಗೆಂದು ಕಾಗದದ ಗುರಿಗೆ ಹೊಡೆಯುವ ಹವ್ಯಾಸಿಯನ್ನೂ ಯುದ್ಧಕ್ಕೆ ಎರೆದ ವುಲ್ಕಾಟರ ಮನೆಯವರನ್ನೂ ಒಂದೇ ತಕ್ಕಡಿಯಲ್ಲಿ ತೂಗಲೂ ಆಗದು.

ಪರ್ಯಾಯಗಳ ಸರಣಿ ಗುಂಡಿನಲ್ಲಿ ನಿಲ್ಲುವುದೂ ಇಲ್ಲ. ಬೇಟೆಯ ಪ್ರಾಣಿಯ ಮೈಯಲ್ಲಿ ಸೀಸದ ಗುಂಡು ಚೂರಾಗಿ ಹರಡುತ್ತದೆ, ಬಿಟ್ಟುಹೋದ ಕಳೇಬರವನ್ನು ತಿನ್ನುವ ಹದ್ದುಗಳ ಹೊಟ್ಟೆಯ ಆಮ್ಲದಲ್ಲಿ ಆ ಚೂರುಗಳು ಕರಗಿ ರಕ್ತಕ್ಕೆ ಸೇರುತ್ತವೆ. 1982ರ ಹೊತ್ತಿಗೆ ಜಗತ್ತಿನಲ್ಲಿ 22 ಮಾತ್ರ ಉಳಿದಿದ್ದ ಕ್ಯಾಲಿಫೋರ್ನಿಯಾ ಕಾಂಡೋರ್ ಎಂಬ ರಣಹದ್ದನ್ನು ಮತ್ತೆ ಕಾಡಿಗೆ ಬಿಟ್ಟ ಮೇಲೆ ಅದರ ಸಾವಿಗೆ ಮುಖ್ಯ ಕಾರಣವಾದದ್ದು ಈ ವಿಷವೇ, ಆ ರಾಜ್ಯ 2019ರ ಜುಲೈ 1ರಿಂದ ಬೇಟೆಯಲ್ಲಿ ಸೀಸದ ಗುಂಡನ್ನು ಪೂರ್ತಿಯಾಗಿ ನಿಷೇಧಿಸಿದ್ದೂ ಇದಕ್ಕಾಗಿಯೇ. ವಿಷತ್ವ ಸೀಸದ ಪರ್ಯಾಯವಲ್ಲ, ಗುಣ. ಮಾಡಿನ ತಗಡಿನಲ್ಲಿ, ಕೊಳವೆಯಲ್ಲಿ, ದೊರೆಯ ಪ್ರತಿಮೆಯಲ್ಲಿ ಅದು ಇದ್ದೇ ಇತ್ತು, ಎರಕದ ಮೂಸೆಯ ಮುಂದೆ ಕುಳಿತವನ ಉಸಿರಿಗೂ ಬೆರಳಿಗೂ ಅದು ತಾಗುತ್ತದೆ. ಪಾವಿತ್ರ್ಯವನ್ನು ಕಲಶಕ್ಕೆ ಸೆಳೆದುಕೊಳ್ಳುವ ವಿಧಿ ಆಗಮಗಳಲ್ಲಿದೆ, ಗುಣವನ್ನು ದ್ರವ್ಯದಿಂದ ಬೇರ್ಪಡಿಸುವ ವಿಧಿ ಯಾವ ದರ್ಶನದಲ್ಲಿಯೂ ಇಲ್ಲ. ದ್ರವ್ಯವಷ್ಟೇ ಸಾಕೆಂದ ಮೂರನೆಯವನು ಮನೆಗೆ ಒಯ್ಯುವುದು ಅದನ್ನೂ ಸೇರಿಸಿಕೊಂಡೇ.