ಇಂಜಿನ್ ಇಳಿಸಿದ ಮೇಲೆ ಉಳಿಯುವ ಲಾರಿ ಯಾವುದು?

ಹಳೇ ಟಾಟಾ ಲಾರಿಯ 697 ಇಂಜಿನ್ ಸೋತಿದೆ ಎಂಬುದು ಮೊದಲು ಗೊತ್ತಾಗುವುದು ಚಾಲಕನಿಗೆ. ಮುಂಡರಗಿಯಲ್ಲಿ ಈರುಳ್ಳಿ ತುಂಬಿಕೊಂಡು ಹೊರಟ ಗಾಡಿ ಏರಿನಲ್ಲಿ ಎಳೆಯುವುದಿಲ್ಲ, ಆಯಿಲ್ ಕುಡಿಯುತ್ತದೆ, ಬ್ರೀದರ್ ಪೈಪಿನಿಂದ ಹೊಗೆ ಬುಸುಗುಡುತ್ತದೆ. ಗದಗ-ಬೆಟಗೇರಿಯ ಗ್ಯಾರೇಜಿನಲ್ಲಿ ಹೆಡ್ ಬಿಚ್ಚಿದ ಮಿಸ್ತ್ರಿ ಲೈನರಿನ ಒಳಗೋಡೆಯ ಮೇಲೆ ಬೆರಳಾಡಿಸುತ್ತಾನೆ. ಪಿಸ್ಟನ್ ರಿಂಗು ಮೇಲೆ ಬಂದು ತಿರುಗುವ ಜಾಗದಲ್ಲಿ ಉಗುರಿಗೆ ಅಂಚು ತಗುಲಿದರೆ ಲೈನರ್ ಸವೆದಿದೆ ಎಂದೇ ಅರ್ಥ. ಆಗ ಮಾಲೀಕನ ಮುಂದೆ ಪ್ರಶ್ನೆ ಬರುತ್ತದೆ: ಇದನ್ನೇ ರಿಪೇರಿ ಮಾಡ್ಸೂದೋ, ಬ್ಯಾರೆ ಇಂಜಿನ್ ಕೂಡ್ಸೂದೋ?

ದುಡ್ಡಿನ ಲೆಕ್ಕ ಅಷ್ಟೇನೂ ಕಷ್ಟದ್ದಲ್ಲ. ಬ್ಲಾಕು ಸೀಳಿಲ್ಲದೆ, ಕ್ರ್ಯಾಂಕು ಗ್ರೈಂಡಿಂಗಿಗೆ ಬರುವಂತಿದ್ದರೆ ರಿಪೇರಿ. ಕನೆಕ್ಟಿಂಗ್ ರಾಡ್ ಮುರಿದು ಬ್ಲಾಕನ್ನೇ ಒಡೆದುಕೊಂಡು ಹೊರಬಂದಿದ್ದರೆ ಬೇರೆ ದಾರಿ ಇಲ್ಲ. ಕಷ್ಟದ್ದು ಇನ್ನೊಂದಿದೆ. ಆರು ಪಿಸ್ಟನ್, ಆರು ಲೈನರ್, ಬೇರಿಂಗು, ವಾಲ್ವು, ನೋಜಲ್ ಎಲ್ಲ ಹೊಸದಾದ ಮೇಲೂ ಅದು ಹಳೇ ಇಂಜಿನ್ನೇ ಹೌದೆ?

ಈ ಪ್ರಶ್ನೆಗೆ ಉತ್ತರ ಹುಡುಕುವವರು ಗದಗ ಜಿಲ್ಲೆ ಬಿಟ್ಟು ದೂರ ಹೋಗಬೇಕಿಲ್ಲ. ಮುಂಡರಗಿ ತಾಲ್ಲೂಕಿನ ಡಂಬಳದಲ್ಲಿ 1095ರ ಸುಮಾರಿನ ಶಾಸನವೊಂದಿದೆ. ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದ್ದು. ಹದಿನಾರು ಸೆಟ್ಟಿಗಳು ಕಟ್ಟಿಸಿದ ಬೌದ್ಧ ವಿಹಾರ, ಬೌದ್ಧ ದೇವತೆ ತಾರಾ ಭಗವತಿ ಎರಡರ ಉಲ್ಲೇಖವೂ ಅದರಲ್ಲಿದೆ. ಸರಕು ಸಾಗಿಸಿ ಬದುಕಿದ ವರ್ತಕರ ಊರಲ್ಲಿ ಬೌದ್ಧ ಧರ್ಮ ಅಷ್ಟು ತಡವಾಗಿಯೂ ಉಳಿದಿತ್ತು. ಆ ಧರ್ಮದ ‘ಮಿಲಿಂದಪಞ್ಹ’ದಲ್ಲಿ ಭಿಕ್ಷು ನಾಗಸೇನರು ರಥದಲ್ಲಿ ಬಂದ ಗ್ರೀಕ್ ಮೂಲದ ಮಿಲಿಂದ ರಾಜನನ್ನು ಕೇಳುತ್ತಾರೆ: ಅಚ್ಚು ರಥವೇ? ಚಕ್ರ ರಥವೇ? ನೊಗ ರಥವೇ? ಯಾವುದೂ ಅಲ್ಲ. ಭಾಗಗಳು ಕೂಡಿದಾಗ ಜನ ಇಡುವ ಹೆಸರಷ್ಟೇ ರಥ.

ಮಾತು ಸರಿ, ಆದರೆ ಗ್ಯಾರೇಜಿನಲ್ಲಿ ಅದು ಅರ್ಧ ದಾರಿಗೇ ನಿಲ್ಲುತ್ತದೆ. ಬರೀ ಹೆಸರಾಗಿದ್ದರೆ ಮಾಲೀಕ ‘ಅಪ್ಪನ ಕಾಲದ ಇಂಜಿನ್ನು, ಇದೇ ಇರಲಿ’ ಎಂದು ಹಟ ಹಿಡಿಯುವುದೇಕೆ? (ನಾಗಸೇನರು ಅದನ್ನೇ ರೋಗ ಎನ್ನುತ್ತಿದ್ದರೇನೋ.)

ಇದೇ ಜಿಲ್ಲೆಯ ಲಕ್ಷ್ಮೇಶ್ವರದ ಉತ್ತರ ಬೇರೆ. ಹಿಂದಿನ ಪುಲಿಗೆರೆಯಾದ ಈ ಊರು ಶಂಖ ಬಸದಿಯ ಊರು, ಜೈನರ ಹಳೆಯ ನೆಲೆ. ಇರುವ ಪ್ರತಿಯೊಂದರಲ್ಲೂ ಹುಟ್ಟು, ಅಳಿವು, ಸ್ಥಿರತೆ ಮೂರೂ ಒಟ್ಟಿಗೇ ಇರುತ್ತವೆ ಎಂಬುದು ಜೈನ ದರ್ಶನದ ಮಾತು. ಇದಕ್ಕೆ ಜೈನಾಚಾರ್ಯ ಸಮಂತಭದ್ರರು ‘ಆಪ್ತಮೀಮಾಂಸೆ’ಯಲ್ಲಿ ಕೊಟ್ಟ ಉದಾಹರಣೆ ಸೊಗಸಾಗಿದೆ. ಬಂಗಾರದ ಕೊಡವನ್ನು ಕರಗಿಸಿ ಕಿರೀಟ ಮಾಡಿದರೆ ಕೊಡ ಬೇಕಾಗಿದ್ದವನು ಅಳುತ್ತಾನೆ, ಕಿರೀಟ ಬೇಕಾಗಿದ್ದವನು ಹಿಗ್ಗುತ್ತಾನೆ, ಬಂಗಾರವಷ್ಟೇ ಬೇಕಾಗಿದ್ದವನಿಗೆ ದುಃಖವೂ ಇಲ್ಲ, ಸುಖವೂ ಇಲ್ಲ. ಮೂವರ ಅನುಭವವೂ ನಿಜ.

ಗ್ರೈಂಡಿಂಗ್ ಮಷಿನ್ನಿನ ಮೇಲೆ ತಿರುಗುವ ಕ್ರ್ಯಾಂಕಿಗೆ ಇದು ಚೆನ್ನಾಗಿ ಹೊಂದುತ್ತದೆ. ಒಂದು ಸೈಜು ಇಳಿಸಿದರೆ ಬೇರಿಂಗು ಹಿಡಿಯುವ ಭಾಗವಾದ ಜರ್ನಲ್ ಸುಮಾರು ಕಾಲು ಮಿಲಿಮೀಟರ್ ತೆಳ್ಳಗಾಗುತ್ತದೆ; ಅದಕ್ಕೆ ತಕ್ಕ ದಪ್ಪ ಬೇರಿಂಗು ಕೂರುತ್ತದೆ. ಕಬ್ಬಿಣದ ಪುಡಿ ಕೂಲಂಟ್ ನೀರಿನೊಂದಿಗೆ ಹರಿದು ಹೋಗುವುದು ಕಣ್ಣಿಗೇ ಕಾಣುತ್ತದೆ. ಹೋದದ್ದು ಹೋಯಿತು, ಹೊಸ ಅಳತೆ ಹುಟ್ಟಿತು, ಕ್ರ್ಯಾಂಕು ಉಳಿಯಿತು. ಆದರೆ ಎಷ್ಟು ಸಲ? ಮೂರ್ನಾಲ್ಕು ಸೈಜು ಇಳಿಸಿದ ಮೇಲೆ ಅದೂ ಗುಜರಿಯೇ. ಸ್ಥಿರವಾದದ್ದಕ್ಕೂ ಗ್ರೈಂಡಿಂಗಿನ ಮಿತಿ ಉಂಟು ಎಂಬುದನ್ನು ಮಿಸ್ತ್ರಿಯಷ್ಟು ಖಡಾಖಂಡಿತವಾಗಿ ಯಾವ ಆಚಾರ್ಯರೂ ಹೇಳಿರಲಿಕ್ಕಿಲ್ಲ.

ಬಂಗಾರದ ಕಥೆಯ ಮೂವರು ಲಾರಿಯ ಸುತ್ತಲೂ ಸಿಗುತ್ತಾರೆ. ಚಾಲಕನಿಗೆ ಬೇಕಾದ್ದು ಏರು ಹತ್ತುವ ಗಾಡಿ, ಇಂಜಿನ್ ಯಾವುದಾದರೇನು? ಮಾಲೀಕನಿಗೆ ಅಪ್ಪನ ಇಂಜಿನ್. ಸಾಲ ಕೊಟ್ಟವನಿಗೆ ಕಂತು ಕಟ್ಟುವ ಲಾರಿ. ರಿಪೇರಿಯೋ ಬದಲಾವಣೆಯೋ ಎಂದು ತೀರ್ಮಾನಿಸುವ ಮೊದಲು ಈ ಮೂವರಲ್ಲಿ ಯಾರ ಲಾರಿಯನ್ನು ಉಳಿಸುವುದು ಎಂದು ತೀರ್ಮಾನಿಸಬೇಕು. ಗ್ಯಾರೇಜಿನ ಜಗಳಗಳು ಹುಟ್ಟುವುದು ಅದನ್ನು ಬಿಟ್ಟಾಗಲೇ.

ಸರ್ಕಾರಕ್ಕೆ ಮಾತ್ರ ಗೊಂದಲವಿಲ್ಲ. ಚಾಸಿ ಕಬ್ಬಿಣದ ಮೇಲೆ ಕೊರೆದ ನಂಬರೇ ಲಾರಿಯ ಆತ್ಮ. ಇಂಜಿನ್ ನಂಬರು ಆರ್‌ಸಿಯಲ್ಲಿದ್ದರೂ ತಿದ್ದಿಸಬಹುದಾದದ್ದು. ಅನುಮತಿಯಿಲ್ಲದೆ ಇಂಜಿನ್ ಬದಲಿಸಿದವರು 14 ದಿನಗಳೊಳಗೆ ಆರ್‌ಟಿಒಗೆ ತಿಳಿಸಬೇಕೆಂದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುತ್ತದೆ. ಜಿಲ್ಲೆಯೇ ಬದಲಾದರೂ ಚಾಸಿ ನಂಬರು ಬದಲಾಗದು: ಧಾರವಾಡ ಜಿಲ್ಲೆಯಿಂದ ಗದಗ ಜಿಲ್ಲೆ ಬೇರೆಯಾದದ್ದು 1997ರಲ್ಲಿ. ಧಾರವಾಡದ ಕೆಎ-25 ನಂಬರಿನ ಹಳೆಯ ಗಾಡಿ ತಾನು ನಿಂತ ಜಾಗದಲ್ಲೇ ಬೇರೆ ಜಿಲ್ಲೆಯದಾಯಿತು, ಚಾಸಿ ನಂಬರು ಮಾತ್ರ ಹಾಗೇ ಇತ್ತು.

ಇಳಿಸಿಟ್ಟ ಹಳೇ ಬ್ಲಾಕನ್ನು ಇನ್ನೊಬ್ಬ ಕೊಂಡು, ಹೊಸ ಲೈನರ್ ಹಾಕಿಸಿ, ಶಿರಹಟ್ಟಿಯ ಬೇರೊಂದು ಲಾರಿಗೆ ಕೂರಿಸಿದರೆ? ಗ್ರೀಕ್ ಪುರಾಣದ ವೀರ ಥೀಸಿಯಸ್‌ನ ಹಡಗಿಗೆ ಒಂದೊಂದೇ ಹೊಸ ಹಲಗೆ ಹಾಕುತ್ತಾ ಹೋಗಿ, ಕಿತ್ತ ಹಳೆಯ ಹಲಗೆಗಳನ್ನೇ ಕೂಡಿಸಿ ಎರಡನೇ ಹಡಗು ಕಟ್ಟಿದರೆ ಅಸಲಿ ಯಾವುದು ಎಂದು ಇಂಗ್ಲೆಂಡಿನ ಥಾಮಸ್ ಹಾಬ್ಸ್ 1655ರಲ್ಲಿ ಕೇಳಿದ್ದ. ಆರ್‌ಟಿಒ ಕಚೇರಿಯ ಗುಮಾಸ್ತರು ಹಾಬ್ಸ್‌ನನ್ನು ಓದಿರಬೇಕಿಲ್ಲ. ಅವರು ಕೇಳುವುದು ಇಂಜಿನ್ ಕೊಂಡ ಬಿಲ್ಲನ್ನು.