ಚಿತ್ರ ತಿದ್ದುವ ಕೈ, ನೋಡುವ ಕಣ್ಣು

ಚಿತ್ತಾಪುರದಿಂದ ವಾಡಿಗೆ ಹೋಗುವ ದಾರಿಯಲ್ಲಿ ರಾವೂರ ಸಿಗುತ್ತದೆ. ಕಪ್ಪು ಎರೆಮಣ್ಣಿನ ತೊಗರಿ ಹೊಲ, ಪಕ್ಕದಲ್ಲೇ ಪರಸಿ ಕಲ್ಲಿನ ಗಣಿ, ದೂರದಲ್ಲಿ ವಾಡಿಯ ಸಿಮೆಂಟ್ ಕಾರ್ಖಾನೆಯ ಚಿಮಣಿ. ಈ ಸೀಮೆಯ ನೋಟವೆಂದರೆ ಇದು. ತೊಗರಿ ಕಟಾವಿಗೆ ಬಂದಿದ್ದ ಒಂದು ಮಧ್ಯಾಹ್ನ, ನೀರು ನಿಂತ ಹಳೆಯ ಗಣಿಯ ಅಂಚಿನಲ್ಲಿ ನಿಂತು ನಾವು ಮೊಬೈಲಿನಲ್ಲಿ ಒಂದು ಫೋಟೋ ತೆಗೆದೆವು. ಮನೆಗೆ ಬಂದು ನೋಡಿದರೆ ನಿರಾಶೆ. ಚಿತ್ರ ಎಡಕ್ಕೆ ವಾಲಿತ್ತು. ಆಕಾಶ ಸುಣ್ಣ ಬಳಿದ ಗೋಡೆಯಂತೆ ಬೆಳ್ಳಗಿತ್ತು. ಒಟ್ಟಿಟ್ಟ ಕಲ್ಲುಗಳ ನೆರಳು ಬರೀ ಕಪ್ಪಾಗಿತ್ತು. ಬಲಬದಿಯಲ್ಲಿ ಕರೆಯದೆ ಬಂದ ಅತಿಥಿಯಂತೆ ಚಿಮಣಿ ನಿಂತಿತ್ತು.

ಕೆಟ್ಟ ಚಿತ್ರವೆಂದು ಅಳಿಸಿಬಿಡುವುದು ಸುಲಭವಿತ್ತು. ಆದರೆ ಅಳಿಸುವ ಮುನ್ನ ಒಂದು ಪ್ರಶ್ನೆ ಕೇಳಿಕೊಂಡೆವು: ಇದು ಕೆಟ್ಟದ್ದು ಹೇಗಾಯಿತು? ಕಲಿಕೆ ಶುರುವಾಗುವುದು ಈ ಪ್ರಶ್ನೆಯಿಂದಲೇ. ಚಿತ್ರ ವಾಲಿದೆಯೆಂದು ತೋರಿಸಿಕೊಟ್ಟದ್ದು ಗಣಿಯ ನೀರು. ನಿಂತ ನೀರು ಎಂದೂ ಓರೆಯಾಗಿರುವುದಿಲ್ಲ. ಓರೆಯಾಗಿದ್ದುದು ನಮ್ಮ ಕೈ. ಇನ್ನು ಆಕಾಶ. ಎರೆಮಣ್ಣು ಬೆಳಕನ್ನು ನುಂಗುತ್ತದೆ, ಸುಣ್ಣಕಲ್ಲು ಅದನ್ನು ಹಿಂದಕ್ಕೆ ಎರಚುತ್ತದೆ. ನಟ್ಟನಡು ಹಗಲಿನಲ್ಲಿ ಈ ಎರಡನ್ನೂ ಒಟ್ಟಿಗೆ ಹಿಡಿಯುವ ಶಕ್ತಿ ನಮ್ಮ ಕ್ಯಾಮೆರಾಕ್ಕೆ ಇರಲಿಲ್ಲ. ತುಂಬಿದ ಕೊಡದಿಂದ ಚೆಲ್ಲಿದ ನೀರನ್ನು ಮತ್ತೆ ಬಳಿದುಕೊಳ್ಳಲಾಗದು. ಹಾಗೆಯೇ ಪೂರ್ತಿ ಬೆಳ್ಳಗಾದ ಆಕಾಶದಲ್ಲಿ ಮರಳಿ ಪಡೆಯಲು ಏನೂ ಉಳಿದಿರುವುದಿಲ್ಲ.

ತಪ್ಪನ್ನು ಅವಮಾನವೆಂದು ಬಗೆಯದೆ ಅದನ್ನೇ ಅಧ್ಯಯನದ ವಸ್ತುವಾಗಿಸಿದ ದೊಡ್ಡ ಪರಂಪರೆಯೊಂದು ನಮಗಿದೆ. ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ಬಾಳಿದ ವಿಜ್ಞಾನಿ ಇಬ್ನುಲ್ ಹೈಸಮ್, ಸುಮಾರು 1011ರಿಂದ 1021ರ ನಡುವೆ 'ಕಿತಾಬುಲ್ ಮನಾಝಿರ್' ಎಂಬ ದೃಗ್ವಿಜ್ಞಾನದ ಗ್ರಂಥವನ್ನು ಬರೆದರು. ಅದರ ಏಳು ಭಾಗಗಳಲ್ಲಿ ಮೂರನೆಯದು ಕಣ್ಣು ಮಾಡುವ ತಪ್ಪುಗಳಿಗೇ ಮೀಸಲು. ಬೆಳಕು ಅತಿಯಾದಾಗ ಅಥವಾ ಸಾಲದಾದಾಗ, ವಸ್ತು ತೀರಾ ದೂರವಿದ್ದಾಗ, ನೋಡಲು ಸಾಕಷ್ಟು ಸಮಯ ಸಿಗದಾಗ ನಾವು ಹೇಗೆ ಮೋಸಹೋಗುತ್ತೇವೆ ಎಂಬುದನ್ನು ಅವರು ಒಂದೊಂದಾಗಿ ಬಿಡಿಸಿಟ್ಟರು. ಕಣ್ಣು ತಪ್ಪುತ್ತದೆಂದು ನೋಡುವುದನ್ನೇ ಬಿಡಬೇಕಿಲ್ಲ. ತಪ್ಪುವ ಬಗೆಯನ್ನು ತಿಳಿದರೆ ನೋಟ ಚುರುಕಾಗುತ್ತದೆ.

ನಾವು ಚಿತ್ರವನ್ನು ತಿದ್ದಲು ಕುಳಿತೆವು. ಮೊದಲು ನೀರಿನ ಅಂಚನ್ನು ಹಿಡಿದು ಅದನ್ನು ನೇರ ಮಾಡಿದೆವು. ಆಮೇಲೆ ಕಪ್ಪು ನೆರಳನ್ನು ಸ್ವಲ್ಪ ಸ್ವಲ್ಪವೇ ತಿಳಿಯಾಗಿಸುತ್ತ ಹೋದೆವು. ಆಗ ಅಲ್ಲಿ ಇಬ್ಬರು ಕಾಣಿಸಿಕೊಂಡರು. ಕಲ್ಲುಗಳ ಮರೆಯ ತುಸುವೇ ತಂಪಿನಲ್ಲಿ ಬುತ್ತಿ ಬಿಚ್ಚಿಕೊಂಡು ಕುಳಿತ ಇಬ್ಬರು ಹೆಂಗಸರು. ಚಿತ್ರ ತೆಗೆಯುವಾಗ ನಾವು ಅವರನ್ನು ನೋಡಿಯೇ ಇರಲಿಲ್ಲ. ನಮ್ಮ ಕಣ್ಣು ನೀರಿನ ಮೇಲಿತ್ತು, ಚಂದದ ಮೇಲಿತ್ತು. ಊರೂರಿನ ಮನೆಗಳಿಗೆ ನೆಲಹಾಸಾಗುವ ಶಹಾಬಾದ್ ಕಲ್ಲನ್ನು ಎತ್ತಿ, ಹೊತ್ತು, ಒಟ್ಟಿಡುವ ಕೈಗಳು ಆ ಚಿತ್ರದಲ್ಲಿ ಮೊದಲಿನಿಂದಲೂ ಇದ್ದವು. ತಿದ್ದುವ ಕೆಲಸ ಅಲ್ಲಿ ಹೊಸದೇನನ್ನೂ ಸೇರಿಸಲಿಲ್ಲ. ನಮ್ಮ ಅಲಕ್ಷ್ಯವನ್ನು ನಮಗೇ ತೋರಿಸಿತು.

ಇಲ್ಲಿಗೆ ನಿಲ್ಲಿಸಿದ್ದರೆ ಸರಿಯಿತ್ತು. ಆದರೆ ಆಸೆಗೆ ಮಿತಿಯಿಲ್ಲ. ಬಿಳಿಯ ಆಕಾಶದ ಜಾಗಕ್ಕೆ ಬೇರೊಂದು ಆಕಾಶವನ್ನು ತಂದು ಕೂರಿಸುವ ಸೌಲಭ್ಯ ಈಗ ಮೊಬೈಲಿನಲ್ಲೇ ಇದೆ. ಒಮ್ಮೆ ಬೆರಳು ತಾಗಿಸಿದೆವು, ಕಾರ್ಮೋಡ ಕವಿಯಿತು. ಇನ್ನೊಮ್ಮೆ ತಾಗಿಸಿದೆವು, ಚಿಮಣಿ ಮಾಯವಾಯಿತು. ಹೆಮ್ಮೆಯಿಂದ ಆ ಚಿತ್ರವನ್ನು ಅದೇ ಸೀಮೆಯ ಹಿರಿಯ ರೈತರೊಬ್ಬರಿಗೆ ತೋರಿಸಿದೆವು. ಅವರು ಬಹಳ ಹೊತ್ತು ನೋಡಿ, "ಚಂದ ಅದರೀ, ಖರೆ ಇದು ನಮ್ಮೂರಲ್ಲ ಬಿಡ್ರಿ" ಎಂದರು. ಮೋಡದ ಮೇಲೆ ಬೆರಳಿಟ್ಟು ನಕ್ಕರು: "ಕೊಯ್ಲಿಗೆ ಬಂದ ತೊಗರಿ ಮ್ಯಾಲ ಇಂಥ ಮೋಡ ಬಂದ್ರ ನಮ್ಮ ಎದಿ ಒಡೀತದ. ನೀವು ಚಂದ ಅಂತೀರಿ!"

ನಮ್ಮ ಕಣ್ಣಿಗೆ ಸೊಗಸಾಗಿ ಕಂಡದ್ದು ಅವರ ಪಾಲಿಗೆ ವರ್ಷದ ದುಡಿಮೆ ನೀರುಪಾಲಾಗುವ ಸೂಚನೆ. 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಕಲಬುರಗಿ ತೊಗರಿ ಬೆಳೆಯುವ ನೆಲದ ಮೇಲೆ ಹುಸಿ ಮಳೆಗಾಲವೊಂದನ್ನು ನಾವು ಅಂಟಿಸಿದ್ದೆವು.

ಹಾಗಾದರೆ ತಿದ್ದುವುದೆಲ್ಲ ಸುಳ್ಳೇ? ಹಾಗೆನ್ನಲಾಗದು. ಎಲ್ಲಿ ನಿಲ್ಲಬೇಕು, ಯಾವುದನ್ನು ಚೌಕಟ್ಟಿನೊಳಗೆ ಇಡಬೇಕು ಎಂದು ತೀರ್ಮಾನಿಸಿದಾಗಲೇ ಆಯ್ಕೆ ನಡೆದಿರುತ್ತದೆ. 1850ರ ದಶಕದಲ್ಲಿ ಫ್ರಾನ್ಸಿನ ಗುಸ್ತಾವ್ ಲ ಗ್ರೇ, ಕಡಲನ್ನೂ ಆಕಾಶವನ್ನೂ ಒಂದೇ ನೆಗೆಟಿವ್‌ನಲ್ಲಿ ಹಿಡಿಯಲಾಗದೆ, ಎರಡು ನೆಗೆಟಿವ್‌ಗಳನ್ನು ಜೋಡಿಸಿ ಮುದ್ರಿಸಿದ್ದುಂಟು. ಅಮೆರಿಕದ ಆನ್ಸೆಲ್ ಆಡಮ್ಸ್ 1944ರಲ್ಲಿ ಲೋನ್ ಪೈನ್ ಊರಿನ ಬಳಿ ತೆಗೆದ ಪ್ರಸಿದ್ಧ ಚಿತ್ರದಲ್ಲಿ, ಶಾಲೆಯ ಹುಡುಗರು ಬೆಟ್ಟದ ಮೇಲೆ ಬಿಳಿ ಕಲ್ಲುಗಳಿಂದ ಬರೆದಿದ್ದ ಅಕ್ಷರಗಳನ್ನು ಅಳಿಸಿದ್ದರು. ಅದಕ್ಕಾಗಿ ಅವರನ್ನು ಟೀಕಿಸಿದವರಿದ್ದಾರೆ. ಆದರೆ ಅಳಿಸಿದ್ದನ್ನು ಅವರು ಮುಚ್ಚಿಡಲಿಲ್ಲ, ತಾವೇ ಬರೆದು ತಿಳಿಸಿದರು. 'ನ್ಯಾಷನಲ್ ಜಿಯಾಗ್ರಫಿಕ್' ಪತ್ರಿಕೆ 1982ರ ಫೆಬ್ರವರಿ ಸಂಚಿಕೆಯ ಮುಖಪುಟಕ್ಕೆ ಹೊಂದಿಸಲು ಈಜಿಪ್ಟಿನ ಪಿರಮಿಡ್‌ಗಳನ್ನು ಒಂದಕ್ಕೊಂದು ಹತ್ತಿರ ಸರಿಸಿದಾಗ ಓದುಗರು ಸಿಟ್ಟಾದರು. ಇದ್ದದ್ದನ್ನು ಇದ್ದಂತೆ ತೋರಿಸುವ ಪತ್ರಿಕೆಯೆಂದು ಅವರು ನಂಬಿದ್ದರು. ಆದ್ದರಿಂದ ಕೈ ಎಷ್ಟು ತಿದ್ದಿತು ಎಂಬುದಷ್ಟೇ ಮುಖ್ಯವಲ್ಲ, ನೋಡುವವನಿಗೆ ಏನು ಹೇಳಿದೆವು ಎಂಬುದೂ ಮುಖ್ಯ.

ಪ್ರವಾದಿ ಮುಹಮ್ಮದ್(ಸ)ರ ಜೀವನದ ಒಂದು ಪ್ರಸಂಗ ಇಲ್ಲಿ ನೆನಪಾಗುತ್ತದೆ. ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಂದರೊಳಗೆ ಅವರು ಕೈ ಹಾಕಿದಾಗ ಬೆರಳು ಒದ್ದೆಯಾಯಿತು. ಕೇಳಿದಾಗ ವ್ಯಾಪಾರಿ ಮಳೆ ಬಿದ್ದಿತೆಂದ. ಹಾಗಿದ್ದರೆ ಜನರಿಗೆ ಕಾಣುವಂತೆ ಅದನ್ನು ಮೇಲೇಕೆ ಇಡಲಿಲ್ಲವೆಂದು ಪ್ರವಾದಿ(ಸ) ಪ್ರಶ್ನಿಸಿದರು. ವಂಚಿಸುವವನು ತಮ್ಮವನಲ್ಲ ಎಂದು ಎಚ್ಚರಿಸಿದರು. ಸಹೀಹ್ ಮುಸ್ಲಿಮ್‌ನಲ್ಲಿ ವರದಿಯಾದ ಈ ಹದೀಸ್‌ನಲ್ಲಿ ಒಂದು ಸೂಕ್ಷ್ಮವಿದೆ. ಮಳೆ ಬಿದ್ದದ್ದು ವ್ಯಾಪಾರಿಯ ತಪ್ಪಲ್ಲ, ಧಾನ್ಯ ಒದ್ದೆಯಾದದ್ದೂ ತಪ್ಪಲ್ಲ. ಒದ್ದೆಯಾದದ್ದನ್ನು ಕೆಳಗೆ ಹಾಕಿ ಒಣಗಿದ್ದನ್ನು ಮೇಲೆ ಹರಡಿದ್ದು ತಪ್ಪು. ನಮ್ಮ ಬಿಳಿಯ ಆಕಾಶ ಒದ್ದೆ ಧಾನ್ಯವಿದ್ದಂತೆ. ಆ ಕಾರ್ಮೋಡ ಮೇಲೆ ಹರಡಿದ ಒಣ ಕಾಳು.

ಇಲ್ಲಿ ಒಂದು ಆಕ್ಷೇಪ ಬರಬಹುದು. ಪರರ ದೋಷವನ್ನು ಮುಚ್ಚಿದವನ ದೋಷವನ್ನು ಅಲ್ಲಾಹನು ಮುಚ್ಚುವನೆಂದು ನಮ್ಮ ಧರ್ಮವೇ ಕಲಿಸುತ್ತದಲ್ಲ? ನಿಜ. ಆದರೆ ಆ ಮುಚ್ಚುವಿಕೆ ದುರ್ಬಲನ ಮಾನ ಕಾಯಲು. ಕೊಳ್ಳುವವನ ಕಣ್ಣಿಗೆ ಮಣ್ಣೆರಚಲು ಅಲ್ಲ. ನೆರಳಿನಲ್ಲಿ ಉಣ್ಣುತ್ತಿದ್ದ ಆ ಇಬ್ಬರನ್ನು ಕೇಳದೆ ಅವರ ಮುಖವನ್ನು ಊರಿಗೆಲ್ಲ ಹಂಚುವುದು ಸರಿಯಲ್ಲ. ಅವರ ಗುರುತು ಸಿಗದಂತೆ ಮಸುಕಾಗಿಸುವುದು ಮರ್ಯಾದೆ. ಆದರೆ ಚಿತ್ರ ಚಂದವಾಗಲೆಂದು ಅವರನ್ನೇ ಅಳಿಸಿಬಿಟ್ಟರೆ ಅದು ಅನ್ಯಾಯ. ಚಿಮಣಿಯೂ ಅಷ್ಟೇ. 1960ರ ದಶಕದಿಂದ ಅದು ಈ ಸೀಮೆಗೆ ಅನ್ನವನ್ನೂ ಕೊಟ್ಟಿದೆ, ಧೂಳನ್ನೂ ಕೊಟ್ಟಿದೆ. ಅದನ್ನು ಚಿತ್ರದಿಂದ ತೆಗೆದುಹಾಕಿದರೆ ಧೂಳಿನ ದೂರಿಗೂ ಅನ್ನದ ಋಣಕ್ಕೂ ಸಾಕ್ಷಿ ಉಳಿಯುವುದಿಲ್ಲ.

ಇದೇ ಚಿತ್ತಾಪುರ ತಾಲೂಕಿನ ಕನಗನಹಳ್ಳಿಯಲ್ಲಿ, ಸನ್ನತಿಯ ಹತ್ತಿರ, ಬೌದ್ಧ ಸ್ತೂಪವೊಂದರ ಉತ್ಖನನದಲ್ಲಿ ಸಾಮ್ರಾಟ ಅಶೋಕನ ಉಬ್ಬುಶಿಲ್ಪ ದೊರೆಯಿತು. ಅದರ ಮೇಲೆ ಬ್ರಾಹ್ಮಿ ಲಿಪಿಯಲ್ಲಿ ಅವನ ಹೆಸರಿದೆ. ಅದೂ ಸುಣ್ಣಕಲ್ಲಿನದೇ. ಆ ಫಲಕ ಒಡೆದಿದೆ, ಬಿರುಕುಗಳು ಕಣ್ಣಿಗೆ ಕಾಣುತ್ತವೆ. ಬಿರುಕಿನಿಂದಾಗಿ ಅದರ ಬೆಲೆ ಕುಂದಿಲ್ಲ. ಒಡೆದ ಶಿಲ್ಪಕ್ಕೆ ಹೊಸ ಮೂಗು ಹೊಸ ಕಿವಿ ಅಂಟಿಸಿ ಪೂರ್ಣಗೊಳಿಸಿದರೆ ನಮಗೆ ದಕ್ಕುವುದು ಇತಿಹಾಸವಲ್ಲ, ನಮ್ಮದೇ ಕಲ್ಪನೆ.

ಫೋಟೋದ ಮಾತು ಫೋಟೋದಲ್ಲೇ ಮುಗಿಯುವುದಿಲ್ಲ. ಪ್ರತಿಯೊಂದು ಸಮುದಾಯವೂ ತನ್ನದೊಂದು ಚಿತ್ರವನ್ನು ಗೋಡೆಗೆ ತೂಗುಹಾಕಿಕೊಂಡಿರುತ್ತದೆ. ನಾವೂ ಇದಕ್ಕೆ ಹೊರತಲ್ಲ. ನಮ್ಮ ಗತವೈಭವದ ಚಿತ್ರದಲ್ಲಿ ಯಾವ ಚಿಮಣಿಯನ್ನು ಅಳಿಸಿದ್ದೇವೆ, ಯಾರ ಮೇಲೆ ಕಪ್ಪು ನೆರಳು ಹಾಗೆಯೇ ಉಳಿದಿದೆ? ಮನೆಯ ಹೆಣ್ಣುಮಗಳೋ, ಕೂಲಿಯವನೋ, ನೆರೆಯವನೋ? ಇತರರು ನಮ್ಮ ಚಿತ್ರವನ್ನು ವಿಕಾರಗೊಳಿಸುತ್ತಾರೆಂದು ದೂರುವಾಗ ಈ ಪ್ರಶ್ನೆಯನ್ನೂ ಕೇಳಿಕೊಂಡರೆ ನಮ್ಮ ದೂರಿಗೆ ತೂಕ ಬರುತ್ತದೆ.

ಕೊನೆಗೆ ನಾವು ಮೋಡವನ್ನು ತೆಗೆದೆವು, ಚಿಮಣಿಯನ್ನು ಮರಳಿ ಅದರ ಜಾಗಕ್ಕೆ ತಂದೆವು. ಮೂಲ ಚಿತ್ರವನ್ನೂ ಜೊತೆಗೆ ಇಟ್ಟುಕೊಂಡಿದ್ದೇವೆ. ಕೇಳಿದವರಿಗೆ ಏನೇನು ತಿದ್ದಿದ್ದೇವೆಂದು ಹೇಳುತ್ತೇವೆ. ಈಗ ಗಣಿಯ ನೀರು ನೇರವಾಗಿದೆ. ನೆರಳಿನಲ್ಲಿ ಇಬ್ಬರು ಉಣ್ಣುತ್ತಿದ್ದಾರೆ, ಮುಖ ತಿಳಿಯುವುದಿಲ್ಲ. ಆಕಾಶ ಬಿಳಿಯಾಗಿಯೇ ಇದೆ.