ಮೀನಿನ ಲೆಕ್ಕ ಮತ್ತು ಅಹಿಂಸಾಣುವ್ರತ

ಚನ್ನಗಿರಿಯ ಶಾಂತಿಸಾಗರವೂ ಹೊನ್ನಾಳಿ, ನ್ಯಾಮತಿ ಸೀಮೆಯ ತುಂಗಭದ್ರೆಯೂ ಬೆಳೆಗೆ ನೀರೆರೆಯುವಂತೆಯೇ ಮೀನುಗಾರ ಕುಟುಂಬಗಳಿಗೂ ಜೀವನಾಧಾರವಾಗಿವೆ. ವರ್ಷಕ್ಕೆ ಎಷ್ಟು ಮೀನು ಹಿಡಿದರೆ ಸಂತತಿ ಉಳಿಯುವುದೆಂಬುದನ್ನು ಗಣಿತದಿಂದ ಅಂದಾಜು ಮಾಡಬಹುದು. ಪಂಚೇಂದ್ರಿಯ ಜೀವಿಯ ವಧೆಗೆ ಮಿತಿ ಹೇಳುವ ಈ ಲೆಕ್ಕವನ್ನು ಅಣುವ್ರತಿಯಾದ ಶ್ರಾವಕನು ಹೇಗೆ ಕಾಣಬೇಕು?

1838ರಲ್ಲಿ ಬೆಲ್ಜಿಯಂನ ಗಣಿತಜ್ಞ ವೆರ್‌ಹುಲ್ಸ್ಟ್ ಜನಸಂಖ್ಯೆಯ ವೃದ್ಧಿಗೆ ನೀಡಿದ ಸಮೀಕರಣವನ್ನು 1954ರಲ್ಲಿ ಶೇಫರ್ ಮೀನುಗಾರಿಕೆಗೆ ಅನ್ವಯಿಸಿದನು. ಕೆರೆಯೊಂದು 1000 ಮೀನುಗಳನ್ನು ಪೋಷಿಸಬಲ್ಲದು, ಸಹಜ ವೃದ್ಧಿದರ ಶೇಕಡ 40 ಎಂದು ಭಾವಿಸೋಣ. 900 ಮೀನುಗಳಿದ್ದಾಗ ಆಹಾರ, ಸ್ಥಳಗಳ ಅಭಾವದಿಂದ ವರ್ಷಕ್ಕೆ ಹೆಚ್ಚುವುದು 36 ಮಾತ್ರ. 500 ಇದ್ದಾಗ 100. ಇದೇ ಪರಮಾವಧಿ. ವರ್ಷಕ್ಕೆ 120ರಂತೆ ಹಿಡಿಯುತ್ತ ಹೋದರೆ ಸಂತತಿ ಅಳಿಯುವುದು ನಿಶ್ಚಿತ.

ಆದರೆ ಆ 1000 ಎಂಬುದು ಸ್ಥಿರವಲ್ಲ. ಜಗಳೂರಿನಂತಹ ಬರದ ಸೀಮೆಯಲ್ಲಿ ಮಳೆ ಸೋತು ಕೆರೆ ಕುಗ್ಗಿ ಅದು 600ಕ್ಕೆ ಇಳಿದರೆ, ಪರಮಾವಧಿ ವೃದ್ಧಿ 60 ಮಾತ್ರ. ಹಳೆಯ ಲೆಕ್ಕದಂತೆ 100 ಹಿಡಿದವನು ತಿಳಿಯದೆಯೇ ಸಂತತಿಯ ಬುಡಕ್ಕೆ ಕೈ ಹಾಕಿದಂತಾಯಿತು. ಮೇಲಾಗಿ ರೋಹು, ಕಾಟ್ಲಾ ಮೀನುಗಳು ಮುಂಗಾರಿನ ಪ್ರವಾಹದಲ್ಲಿ ನದಿಯಲ್ಲಿ ಮೊಟ್ಟೆಯಿಡುತ್ತವೆ. ನಿಂತ ನೀರಿನಲ್ಲಿ ಸಾಮಾನ್ಯವಾಗಿ ಇಡುವುದಿಲ್ಲ. ಆದ್ದರಿಂದಲೇ ಕೆರೆಗಳಿಗೆ ಮರಿಗಳನ್ನು ಬಿಡಬೇಕಾಗುತ್ತದೆ. ನದಿಯ ಲೆಕ್ಕ ಕೆರೆಗೆ ಹೊಂದದು.

ಇಲ್ಲಿ ಎರಡು ತಪ್ಪುಗಳಿಗೆ ಅವಕಾಶವುಂಟು. ಗಣಿತವು ಒಪ್ಪಿದ್ದರಿಂದ ದೋಷವಿಲ್ಲವೆನ್ನುವುದು ಒಂದು. ಸಮೀಕರಣವು ಸಂತತಿಯನ್ನು ಎಣಿಸುತ್ತದೆ. ಬಲೆಗೆ ಬಿದ್ದ ನೂರು ಜೀವಗಳಲ್ಲಿ ಒಂದೊಂದರ ವೇದನೆಗೂ ಅದರಲ್ಲಿ ಸ್ಥಾನವಿಲ್ಲ. ಇದು ವಧೆಯ ಲೆಕ್ಕ, ನಮಗೆ ಬೇಡವೆಂದು ಮುಖ ತಿರುಗಿಸುವುದು ಇನ್ನೊಂದು. ಲೆಕ್ಕವಿಲ್ಲದ ಕಡೆ ಸಣ್ಣ ಕಣ್ಣಿನ ಬಲೆಯೂ ಸಿಡಿಮದ್ದೂ ಮರಿಗಳನ್ನೂ ಬಿಡದೆ ಕೊಲ್ಲುತ್ತವೆ.

ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದವನ್ನು ಮುಂದಿಡುತ್ತದೆ. ನೀರೊಳಗಿನ ಮೀನನ್ನು ಯಾರೂ ನಿಖರವಾಗಿ ಎಣಿಸಲಾರರು. ಇದನ್ನು ಅರಿತೂ ಪರಮಾವಧಿಯವರೆಗೆ ಹಿಡಿಯುವುದು ಪ್ರಮಾದವೇ ಸರಿ. ಶ್ರಾವಕನು ಮೀನಿನ ಗುತ್ತಿಗೆಯಿಂದಲೂ ಅದರ ಲಾಭದಿಂದಲೂ ದೂರವಿರಬೇಕು. ಆದರೆ ಲೆಕ್ಕವು ಕಲಿಸುವ ಸಂಯಮವನ್ನು ಬೆಂಬಲಿಸಬಹುದು. ಮೊಟ್ಟೆಯಿಡುವ ಕಾಲದಲ್ಲಿ ಬಲೆ ನಿಲ್ಲಲಿ, ಬಲೆಯ ಕಣ್ಣು ದೊಡ್ಡದಾಗಲಿ, ಶೃಂಗೇರಿಯ ತುಂಗೆಯಲ್ಲಿರುವಂತೆ ಒಂದಾದರೂ ಮಡುವಿನ ಮೀನುಗಳಿಗೆ ಅಭಯವಿರಲಿ ಎಂದು ಕೇಳಬಹುದು. ಆ ದಿನಗಳಲ್ಲಿ ಮೀನುಗಾರರ ಮನೆಯ ಒಲೆ ಆರದಂತೆ ನೆರವಾಗುವುದೂ ದಯಾಧರ್ಮದ ಅಂಗವೇ. ಬಸದಿಗಳ ಆಡಳಿತ ಮಂಡಳಿಗಳು ತಮ್ಮೂರ ಕೆರೆಯಿಂದಲೇ ಈ ವಿಚಾರವನ್ನು ಆರಂಭಿಸಬಹುದು.